ಮರಳಿನಲ್ಲಿ ಬೆಳಕು ಕಂಡ ಭಾಭಾ

ಮಕ್ಕಳೇ, ನೀವು ಕಡಲ ತೀರದಲ್ಲಿ ಮರಳಿನ ಮನೆ ಕಟ್ಟಿ ಆಡಿದ್ದೀರಲ್ಲವೇ? ನಮ್ಮ ರಾಜ್ಯದ ದಕ್ಷಿಣದಲ್ಲಿ, ಕೊಲ್ಲಂ ಜಿಲ್ಲೆಯ ಚವರ ಎಂಬಲ್ಲಿ, ಕಡಲ ಮರಳು ಕಪ್ಪಗಿದೆ. ಆ ಮರಳಿನಲ್ಲಿ ಥೋರಿಯಂ ಎಂಬ ಲೋಹ ಅಡಗಿದೆ. ಹಿಂದೆ ಯಕ್ಷಗಾನದ ಬಯಲಾಟಕ್ಕೆ ಗ್ಯಾಸ್‌ಲೈಟು ಉರಿಸುತ್ತಿದ್ದರು. ನಿಮ್ಮ ಅಜ್ಜನನ್ನು ಕೇಳಿ ನೋಡಿ. ಅದರೊಳಗಿನ ಬಿಳಿಯ ಬಲೆಗೆ ಆ ಹೊಳಪು ಬರುತ್ತಿದ್ದುದು ಥೋರಿಯಂನಿಂದ. ಅದಕ್ಕಾಗಿಯೇ ಒಂದು ಕಾಲದಲ್ಲಿ ಈ ಕರಾವಳಿಯ ಮರಳು ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿತ್ತು. ಇದೇ ಮರಳಿನಿಂದ ದೇಶಕ್ಕೆ ವಿದ್ಯುತ್ತು ಪಡೆಯುವ ದಾರಿಯನ್ನು ಯೋಜಿಸಿದವರು ಹೋಮಿ ಜಹಾಂಗೀರ್ ಭಾಭಾ.

ಹೋಮಿ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬಯಿಯ ಪಾರ್ಸಿ ಕುಟುಂಬದಲ್ಲಿ. ಪುಸ್ತಕ, ಚಿತ್ರಕಲೆ, ಸಂಗೀತ ಎಂದರೆ ಅವನಿಗೆ ಬಲು ಪ್ರೀತಿ. ಮಗನು ಇಂಜಿನಿಯರಾಗಿ ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ತಂದೆಯ ಆಸೆಯಾಗಿತ್ತು. ಅದಕ್ಕೆಂದೇ ಅವನನ್ನು ಇಂಗ್ಲೆಂಡಿನ ಕೇಂಬ್ರಿಜ್‌ಗೆ ಕಳುಹಿಸಿದರು. ಅಲ್ಲಿ ಹೋಮಿಯ ಮನಸ್ಸು ಭೌತವಿಜ್ಞಾನದತ್ತ ತಿರುಗಿತು. ಅವನು ತಂದೆಗೆ ಧೈರ್ಯದಿಂದ ಪತ್ರ ಬರೆದನು. ತಂದೆ ಸಿಟ್ಟಾಗಲಿಲ್ಲ, ಒಂದು ಷರತ್ತು ಹಾಕಿದರು: ಮೊದಲು ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಬರಬೇಕು. 1930ರಲ್ಲಿ ಹೋಮಿ ಪ್ರಥಮ ದರ್ಜೆಯಲ್ಲೇ ತೇರ್ಗಡೆಯಾದನು. ತಂದೆಯೂ ಮಾತು ಉಳಿಸಿಕೊಂಡರು.

1939ರಲ್ಲಿ ಭಾಭಾ ರಜೆಗೆಂದು ಊರಿಗೆ ಬಂದರು. ಅಷ್ಟರಲ್ಲಿ ಯುರೋಪಿನಲ್ಲಿ ಮಹಾಯುದ್ಧ ಆರಂಭವಾಯಿತು. ಹಿಂದಿರುಗಲಾಗದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಅಲ್ಲಿ ಸಿ.ವಿ. ರಾಮನ್ ಇದ್ದರು. ಯುದ್ಧ ಮುಗಿದ ಮೇಲೆ ಭಾಭಾ ಮತ್ತೆ ಇಂಗ್ಲೆಂಡಿಗೆ ಹೋಗಬಹುದಿತ್ತು. ಅವರು ಹೋಗಲಿಲ್ಲ. 1944ರಲ್ಲೇ ಟಾಟಾ ದತ್ತಿನಿಧಿಗೆ ಪತ್ರ ಬರೆದು ಸಂಶೋಧನಾ ಸಂಸ್ಥೆಯೊಂದಕ್ಕೆ ನೆರವು ಕೇಳಿದ್ದರು. ಮುಂದೆ ಅಣುಶಕ್ತಿಯಿಂದ ವಿದ್ಯುತ್ತು ತಯಾರಾಗುವ ಕಾಲ ಬಂದಾಗ ತಜ್ಞರಿಗಾಗಿ ಹೊರದೇಶಗಳತ್ತ ನೋಡುವಂತಾಗಬಾರದು ಎಂಬುದು ಅವರ ವಾದ. ಆಗ ಜಗತ್ತಿನಲ್ಲಿ ಎಲ್ಲಿಯೂ ಅಣುವಿದ್ಯುತ್ ಸ್ಥಾವರ ಇರಲಿಲ್ಲ ಎಂಬುದನ್ನು ನೆನಪಿಡಿ! 1945ರಲ್ಲಿ ಆ ಸಂಸ್ಥೆ ಆರಂಭವಾಯಿತು.

1948ರಲ್ಲಿ ಭಾಭಾ ಅಣುಶಕ್ತಿ ಆಯೋಗದ ಅಧ್ಯಕ್ಷರಾದರು. ಅಣುಸ್ಥಾವರಕ್ಕೆ ಯುರೇನಿಯಂ ಬೇಕು. ಅದು ನಮ್ಮಲ್ಲಿ ಕಡಿಮೆ, ಥೋರಿಯಂ ಹೇರಳ. ಆದರೆ ಥೋರಿಯಂ ಒದ್ದೆ ಕಟ್ಟಿಗೆಯಂತೆ, ತಾನಾಗಿ ಹೊತ್ತಿಕೊಳ್ಳದು. ಒದ್ದೆ ಕಟ್ಟಿಗೆಯನ್ನು ಉರಿಯುವ ಒಲೆಯ ಬಳಿ ಇಟ್ಟು ಒಣಗಿಸುವುದಿಲ್ಲವೇ? ಹಾಗೆಯೇ ಥೋರಿಯಂ ಅನ್ನು ಸ್ಥಾವರದೊಳಗೆ ಇಟ್ಟರೆ ಅದು ಬೇರೊಂದು ಬಗೆಯ ಯುರೇನಿಯಂ ಆಗುತ್ತದೆ. ಭಾಭಾ ಮೂರು ಹೆಜ್ಜೆಗಳ ಯೋಜನೆ ಮಾಡಿದರು. ಮೊದಲು ಯುರೇನಿಯಂ, ಆಮೇಲೆ ಅದರಿಂದ ಹುಟ್ಟುವ ಪ್ಲುಟೋನಿಯಂ, ಕೊನೆಗೆ ಥೋರಿಯಂ.

1956ರ ಆಗಸ್ಟ್ 4ರಂದು ಮುಂಬಯಿಯ ಟ್ರಾಂಬೆಯಲ್ಲಿ ನಮ್ಮ ಮೊದಲ ಅಣುಸ್ಥಾವರ ಚಾಲನೆಗೊಂಡಿತು. ಅದು ಸಂಶೋಧನೆಗಾಗಿ ಕಟ್ಟಿದ್ದು. ಇಂಧನ ಬ್ರಿಟನ್ನಿನಿಂದ ಬಂದರೂ ಸ್ಥಾವರವನ್ನು ರೂಪಿಸಿ ಕಟ್ಟಿದವರು ನಮ್ಮವರೇ. ಅದರ ಕೊಳದ ನೀರಿನಲ್ಲಿ ನೀಲಿ ಬೆಳಕು ಹೊಳೆಯುತ್ತಿತ್ತು. ಪ್ರಧಾನಿ ನೆಹರೂ ಅದಕ್ಕೆ ಅಪ್ಸರಾ ಎಂದು ಹೆಸರಿಟ್ಟರು.

ಅಣುಸ್ಥಾವರ ಕಲ್ಲಿದ್ದಲಿನಂತೆ ಹೊಗೆ ಉಗುಳುವುದಿಲ್ಲ. ಹಾಗೆಂದು ಅಪಾಯವೇ ಇಲ್ಲವೆಂದಲ್ಲ. ಅದರಲ್ಲಿ ಉಳಿಯುವ ಕಸ ಬಹುಕಾಲ ವಿಕಿರಣ ಸೂಸುತ್ತದೆ. ಅದನ್ನು ಬಹಳ ಜೋಪಾನವಾಗಿ ಇಡಬೇಕು.

1966ರ ಜನವರಿ 24ರಂದು ಭಾಭಾ ಪ್ರಯಾಣಿಸುತ್ತಿದ್ದ ವಿಮಾನ ಆಲ್ಪ್ಸ್ ಪರ್ವತದ ಮೌಂಟ್ ಬ್ಲಾಂಕ್ ಶಿಖರದ ಬಳಿ ಅಪ್ಪಳಿಸಿತು. ಆಗ ಅವರಿಗೆ 56 ವರ್ಷ. ದೇಶದ ಮೊದಲ ಅಣುವಿದ್ಯುತ್ ಕೇಂದ್ರ ತಾರಾಪುರದಲ್ಲಿ ವಿದ್ಯುತ್ತು ಕೊಟ್ಟದ್ದು 1969ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ. ಥೋರಿಯಂನಿಂದ ಪಡೆದ ಯುರೇನಿಯಂ ಬಳಸುವ ಪುಟ್ಟ ಸ್ಥಾವರವೊಂದು 1996ರಲ್ಲಿ ತಮಿಳುನಾಡಿನ ಕಲ್ಪಾಕ್ಕಂನಲ್ಲಿ ಚಾಲನೆಗೊಂಡಿತು. ಅದು ಕೇವಲ ಪ್ರಯೋಗಕ್ಕೆ. ಥೋರಿಯಂನಿಂದ ಮನೆಮನೆಗೆ ವಿದ್ಯುತ್ತು ಕೊಡುವ ಮೂರನೆಯ ಹೆಜ್ಜೆಯನ್ನು ಇನ್ನೂ ಇಡಬೇಕಾಗಿದೆ.