ಬುಕಾನನ್ ಕಂಡ ಚನ್ನಪಟ್ಟಣದ ಗಾಜು

ತರಗತಿಯಲ್ಲಿ ಗಾಜಿನ ಕಲೆಯ ಮಾತು ಬಂದಾಗ, ಚನ್ನಪಟ್ಟಣದವನೇ ಆದ ವಿದ್ಯಾರ್ಥಿಯೊಬ್ಬ ಇಟಲಿಯ ಮುರಾನೊ ದ್ವೀಪವನ್ನು ಹೆಸರಿಸಿದ. ತನ್ನೂರಿನಲ್ಲಿಯೂ ಗಾಜು ಕರಗುತ್ತಿದ್ದುದು ಅವನಿಗೆ ತಿಳಿಯದು. ನಾನಾದರೂ ಅದನ್ನು ಅರಿತದ್ದು ಪರದೇಶಿಯೊಬ್ಬನ ಗ್ರಂಥದಿಂದ.

ಫ್ರಾನ್ಸಿಸ್ ಬುಕಾನನ್ ೧೭೬೨ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದ. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಕಲಿತು ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿದನಾದರೂ ಆತನ ಮನಸ್ಸೆಲ್ಲ ಗಿಡಮರಗಳ ಮೇಲೆ. ಟಿಪ್ಪು ಮಡಿದ ಮರುವರ್ಷ, ೧೮೦೦ರಲ್ಲಿ, ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ. ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವಾಗ ಚನ್ನಪಟ್ಟಣದ ಗಾಜಿನ ಕೆಲಸವನ್ನೂ, ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಯನ್ನೂ, ಬಿಳಿಯ ಸಕ್ಕರೆಯನ್ನೂ ಕಂಡು ಬರೆದಿಟ್ಟ.

ಗೆದ್ದ ನಾಡಿನ ಹುಟ್ಟುವಳಿಯನ್ನು ಅಳೆಯುವುದು ಕಂಪನಿಯ ಉದ್ದೇಶ. ಆ ಕಾರಣಕ್ಕಾಗಿಯೇ ೧೮೦೭ರಲ್ಲಿ ಅಚ್ಚಾದ ಆತನ ಮೂರು ಸಂಪುಟಗಳನ್ನು ನಾನು ಬಹುಕಾಲ ಬದಿಗಿಟ್ಟಿದ್ದೆ, ತಪ್ಪು ಮಾಡಿದ್ದೆ. ಆಳುವವರ ಲೆಕ್ಕಕ್ಕೆಂದು ಹೊರಟವನು ಕುಲುಮೆಯ ಮುಂದೆ ನಿಂತು ಕೆಲಸವನ್ನು ನೋಡಿದ್ದಾನೆ; ನಮ್ಮ ಕವಿಗಳೆಷ್ಟು ಮಂದಿ ಹಾಗೆ ನಿಂತರು?

ಮುಂದೆ ಗಂಗೆಯ ಮೀನುಗಳನ್ನು ಕುರಿತು ಬರೆದು, ತಾಯಿಯ ಕಡೆಯ ಆಸ್ತಿಯೊಡನೆ ಹ್ಯಾಮಿಲ್ಟನ್ ಎಂಬ ಹೆಸರನ್ನೂ ಪಡೆದು, ೧೮೨೯ರಲ್ಲಿ ಸ್ವದೇಶದಲ್ಲಿ ತೀರಿಕೊಂಡ.

ಮರುದಿನ ಆ ಸಂಪುಟವನ್ನು ಹುಡುಗನ ಮುಂದಿಟ್ಟೆ. ತನ್ನೂರಿನ ಪುಟವನ್ನು ಅವನು ಎರಡು ಸಲ ಓದಿದ.