ಜನರ ನಂಬಿಕೆಯನ್ನು ಗಳಿಸಿದ ವಿಜ್ಞಾನಿ ಹಾಫ್‌ಕಿನ್

ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರಿಗೆ ಊರೇ ಬರಿದಾಗಿ, ಜನರು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲವೊಂದಿತ್ತು. ಆ ಪ್ಲೇಗು ಮಾರಿಗೆ ಮೊದಲ ಲಸಿಕೆಯನ್ನು ಸಿದ್ಧಪಡಿಸಿದ ಮಹನೀಯರೇ ವಾಲ್ದೆಮಾರ್ ಹಾಫ್‌ಕಿನ್. ರೋಗದೊಡನೆ ಹೋರಾಡಿದಷ್ಟೇ ಅವರು ಜನರ ಸಂದೇಹದೊಡನೆಯೂ ಹೋರಾಡಬೇಕಾಯಿತು.

ಹಾಫ್‌ಕಿನ್‌ರು 1860ರಲ್ಲಿ ಕಪ್ಪುಸಮುದ್ರದ ದಡದ ಒಡೆಸ್ಸಾ ನಗರದಲ್ಲಿ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಾಲರಾ ಲಸಿಕೆಯನ್ನು ತಯಾರಿಸಿ, 1892ರ ಜುಲೈ 18ರಂದು ಅದನ್ನು ಮೊದಲು ತಮ್ಮ ದೇಹದ ಮೇಲೆಯೇ ಪ್ರಯೋಗಿಸಿಕೊಂಡರು. 1893ರಲ್ಲಿ ಭಾರತಕ್ಕೆ ಬಂದರು. ಮರುವರ್ಷ ಕಲ್ಕತ್ತೆಯ ಬಡವರ ಕೇರಿಗಳಿಗೆ ಹೋದಾಗ ಅವರನ್ನು ಕಲ್ಲುಗಳು ಸ್ವಾಗತಿಸಿದವು. ಹಾಫ್‌ಕಿನ್‌ರು ಹಿಮ್ಮೆಟ್ಟಲಿಲ್ಲ, ಬಲಾತ್ಕಾರಕ್ಕೂ ಕೈಹಾಕಲಿಲ್ಲ. ಬಂಗಾಳಿ ವೈದ್ಯರನ್ನು ಜೊತೆಗೂಡಿಸಿಕೊಂಡು, ಎಲ್ಲರ ಕಣ್ಣೆದುರಿನಲ್ಲಿ ತಾವೇ ಸೂಜಿಗೆ ಮೈಯೊಡ್ಡಿದರು. ಅದನ್ನು ಕಂಡ ಜನರು ಒಬ್ಬೊಬ್ಬರಾಗಿ ಮುಂದೆ ಬಂದರು. ಸುಮಾರು 200 ಜನರಿದ್ದ ಕೇರಿಯೊಂದರಲ್ಲಿ 116 ಮಂದಿ ಲಸಿಕೆ ಪಡೆದರು. ಮುಂದೆ ಅಲ್ಲಿ ಕಾಲರಾ ತಗುಲಿದುದು ಲಸಿಕೆ ಪಡೆಯದವರಿಗೆ ಮಾತ್ರ.

1896ರಲ್ಲಿ ಮುಂಬಯಿಯನ್ನು ಪ್ಲೇಗು ಆವರಿಸಿತು. ಹಾಫ್‌ಕಿನ್‌ರು ಕೆಲವೇ ತಿಂಗಳಲ್ಲಿ ಲಸಿಕೆಯನ್ನು ರೂಪಿಸಿ, 1897ರ ಜನವರಿ 10ರಂದು ಮತ್ತೆ ತಾವೇ ಮೊದಲು ಚುಚ್ಚಿಸಿಕೊಂಡರು. ಆದರೆ ಆಗಿನ ಸರಕಾರವು ಮನೆಗಳನ್ನು ಶೋಧಿಸಿ, ರೋಗಿಗಳನ್ನು ಬಂಧುಗಳಿಂದ ಅಗಲಿಸಿ ಎಳೆದೊಯ್ಯುತ್ತಿತ್ತು. ಆ ದಬ್ಬಾಳಿಕೆಯಿಂದ ನೊಂದ ಜನರು ಸೂಜಿಯನ್ನೂ ಅದರದೇ ಆಯುಧವೆಂದು ಶಂಕಿಸಿದುದು ಸಹಜವೇ. ಅಂಥ ವೇಳೆಯಲ್ಲಿ ಆಗಾ ಖಾನರು ತಮ್ಮ ಅನುಯಾಯಿಗಳ ಸಮ್ಮುಖದಲ್ಲಿ ಲಸಿಕೆ ಪಡೆದು ಅವರ ಅಂಜಿಕೆಯನ್ನು ನೀಗಿಸಿದರು. 1898ರಲ್ಲಿ ನಮ್ಮ ಹುಬ್ಬಳ್ಳಿಯಲ್ಲಿಯೂ ಸಾವಿರಾರು ಜನರು ಈ ಲಸಿಕೆಯನ್ನು ಪಡೆದರು.

1902ರಲ್ಲಿ ಪಂಜಾಬದ ಮುಲ್ಕೊವಾಲ ಗ್ರಾಮದಲ್ಲಿ ಒಂದು ದುರಂತ ಸಂಭವಿಸಿತು. ಒಂದೇ ಸೀಸೆಯ ಲಸಿಕೆ ಪಡೆದ 19 ಜನರು ಧನುರ್ವಾಯುವಿನಿಂದ ಮೃತರಾದರು. ಅಪವಾದವು ಹಾಫ್‌ಕಿನ್‌ರ ತಲೆಗೆ ಬಂದಿತು. ಅವರು ಅಧಿಕಾರವನ್ನು ಕಳೆದುಕೊಂಡರು. ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಿಗೊಳಿಸದೆ ಸೀಸೆಯನ್ನು ತೆರೆಯಲು ಬಳಸಿದ ಸಂಗತಿ ವಿಚಾರಣೆಯಲ್ಲಿಯೇ ದಾಖಲಾಗಿದ್ದರೂ ಅದಕ್ಕೆ ತಕ್ಕ ಬೆಲೆ ದೊರೆಯಲಿಲ್ಲ. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ದನಿಯೆತ್ತಿದ ಬಳಿಕ, 1907ರಲ್ಲಿ ಅವರು ನಿರ್ದೋಷಿಯೆನಿಸಿದರು. ಮನಸ್ಸು ನೊಂದಿದ್ದರೂ ದ್ವೇಷವೆಣಿಸದೆ ಅವರು ಮರಳಿ ಭಾರತದ ಸೇವೆಗೇ ಬಂದರು.

1925ರಲ್ಲಿ ಮುಂಬಯಿಯ ಪ್ರಯೋಗಶಾಲೆಗೆ ಅವರ ಹೆಸರನ್ನಿಡಲಾಯಿತು. 1930ರಲ್ಲಿ ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದಲ್ಲಿ ಅವರು ಕಾಲವಾದರು.

ಅಂಜುವವನನ್ನು ಅಜ್ಞಾನಿಯೆಂದು ಹಳಿಯುವುದು ಸುಲಭ. ಅವನ ಅಂಜಿಕೆಯ ಮೂಲವನ್ನರಿತು, ಪಕ್ಕದಲ್ಲಿ ನಿಂತು ನಂಬಿಕೆಯನ್ನು ಗಳಿಸುವುದು ಕಠಿಣ. ಪರರಿಗೆ ಹೇಳುವುದನ್ನು ಮೊದಲು ತಾನು ಆಚರಿಸುವುದೇ ನಿಜವಾದ ಕಾಯಕ. ಹಾಫ್‌ಕಿನ್‌ರ ಬಾಳು ನಮ್ಮ ವಿದ್ಯಾರ್ಥಿಗಳಿಗೆ ಕಲಿಸುವ ಪಾಠವೂ ಇದೇ.