ಲಾಕ್‌ಡೌನ್ ಬೇಗ ಆಯಿತೋ, ತಡವಾಯಿತೋ? 1898ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಮುಂದಿದ್ದ ಪ್ರಶ್ನೆ

2020ರ ಲಾಕ್‌ಡೌನ್ ಬಗ್ಗೆ ಎರಡು ಬಗೆಯ ಫಾರ್ವರ್ಡ್‌ಗಳು ಇವತ್ತಿಗೂ ಸುತ್ತುತ್ತಿವೆ. ಸರ್ಕಾರ ತಡ ಮಾಡಿತು, ಜನವರಿಯಲ್ಲೇ ಎಲ್ಲ ಮುಚ್ಚಿದ್ದರೆ ಕೊರೋನಾ ಒಳಗೆ ಬರುತ್ತಲೇ ಇರಲಿಲ್ಲ ಎನ್ನುತ್ತದೆ ಒಂದು. ಅವಸರ ಮಾಡಿತು, ರೋಗವೇ ಇಲ್ಲದ ಊರುಗಳನ್ನೂ ಸುಮ್ಮನೆ ಮುಚ್ಚಿಸಿತು ಎನ್ನುತ್ತದೆ ಇನ್ನೊಂದು.

ಆಯನೂರಿನಂಥ ಊರಲ್ಲಿ ಎರಡನೆಯ ಮಾತಿಗೆ ತಲೆದೂಗುವವರು ಹೆಚ್ಚು. ಕಾರಣವೂ ಇದೆ. ಅಂಗಡಿ, ಹೋಟೆಲು, ಬಸ್ಸು ಎಲ್ಲ ನಿಂತದ್ದು ಮಾರ್ಚ್ ಕೊನೆಯ ವಾರದಲ್ಲಿ. ಶಿವಮೊಗ್ಗ ಜಿಲ್ಲೆಯಲ್ಲಿ ಮೊದಲ ಸೋಂಕು ಪತ್ತೆಯಾದದ್ದು ಮೇ 10ರಂದು. ಅಹಮದಾಬಾದಿನಿಂದ ಮರಳಿದ 8 ಮಂದಿಯಲ್ಲಿ ಅದು ಕಂಡುಬಂತು. ನಡುವಿನ ಆರು ವಾರಗಳಿಗೂ ಹೆಚ್ಚು ಕಾಲ ಜಿಲ್ಲೆಯಲ್ಲಿ ಒಂದು ಪ್ರಕರಣವೂ ಇರಲಿಲ್ಲ. ಮುಚ್ಚಿದ್ದರಿಂದ ರೋಗ ಬರಲಿಲ್ಲವೋ, ರೋಗ ಇಲ್ಲದೆಯೇ ಮುಚ್ಚಿದೆವೋ? ಒಂದೇ ಲೆಕ್ಕವನ್ನು ಎರಡೂ ಕಡೆಯವರು ತಮ್ಮ ಸಾಕ್ಷಿ ಎಂದು ತೋರಿಸುತ್ತಾರೆ.

ಇದರ ಜೊತೆಗೆ ಮೂರನೆಯ ಮಾತೊಂದಿದೆ: ರೋಗಕ್ಕಾಗಿ ಜನರನ್ನು ಹೀಗೆ ತಡೆದದ್ದು ನಮ್ಮ ನಾಡಿನಲ್ಲಿ ಇದೇ ಮೊದಲು ಎಂಬುದು. ಇಡೀ ದೇಶವನ್ನು ಒಟ್ಟಿಗೆ ಮುಚ್ಚಿದ್ದು ಮೊದಲು, ನಿಜ. ಆದರೆ ಪ್ರಯಾಣಿಕರನ್ನು ತಡೆದು ನಿಲ್ಲಿಸಿದ್ದು, ಮನೆ ಖಾಲಿ ಮಾಡಿಸಿದ್ದು, ರೋಗಿಯ ಮನೆಯವರನ್ನು ಶಿಬಿರಕ್ಕೆ ಕಳಿಸಿದ್ದು ಹಳೆ ಮೈಸೂರು ಸಂಸ್ಥಾನಕ್ಕೆ ಹೊಸದಲ್ಲ. 122 ವರ್ಷ ಮೊದಲೇ ಅದು ನಡೆದಿತ್ತು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್.

ಬೆಂಗಳೂರಿನ ಶೇಷಾದ್ರಿಪುರ ಇವರ ಹೆಸರಿನದೇ. ಇವರು ಹುಟ್ಟಿದ್ದು 1845ರಲ್ಲಿ, ಪಾಲಕ್ಕಾಡ್ ಕಡೆ. ಮದ್ರಾಸಿನಲ್ಲಿ ಓದಿ 1868ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದರು. 1876-78ರ ದೊಡ್ಡ ಬರದಲ್ಲಿ ಸಂಸ್ಥಾನದ ಸುಮಾರು 10 ಲಕ್ಷ ಜನ ಸತ್ತಾಗ ಅವರು ಇಲ್ಲೇ ಅಧಿಕಾರಿಯಾಗಿದ್ದರು. 1883ರಲ್ಲಿ ದಿವಾನ್ ರಂಗಾಚಾರ್ಲು ತೀರಿಕೊಂಡಾಗ ಆ ಹುದ್ದೆ ಇವರಿಗೆ ಬಂತು. ಮುಂದೆ ಸುಮಾರು 18 ವರ್ಷ ಇವರದೇ ಆಡಳಿತ. ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆ ನೀರು ತಂದರು, ಶಿವನಸಮುದ್ರದಲ್ಲಿ ವಿದ್ಯುತ್ ಯೋಜನೆ ಕೈಗೆತ್ತಿಕೊಂಡರು. ಬೆಂಗಳೂರಿನಿಂದ ಹರಿಹರದ ಕಡೆಗೆ ರೈಲು ಹಳಿ ಮುಗಿದದ್ದೂ ಇವರ ಕಾಲದಲ್ಲೇ. ಆ ಹಳಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸಾಂಕ್ರಾಮಿಕ ರೋಗ ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 1894ರ ಡಿಸೆಂಬರಿನಲ್ಲಿ ಮಹಾರಾಜ ಹತ್ತನೆಯ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ಡಿಫ್ತೀರಿಯಾ ಅಂಟಿಸಿಕೊಂಡು ತೀರಿಕೊಂಡಿದ್ದರು. ಮಗ ಕೃಷ್ಣರಾಜರಿಗೆ ಆಗ 10 ವರ್ಷ. ಮಹಾರಾಣಿ ವಾಣಿವಿಲಾಸ ಸನ್ನಿಧಾನ ರಾಜಪ್ರತಿನಿಧಿಯಾದರು. ಆಡಳಿತದ ಭಾರವೆಲ್ಲ ದಿವಾನರ ಹೆಗಲಿಗೆ ಬಿತ್ತು.

1896ರ ಸೆಪ್ಟೆಂಬರಿನಲ್ಲಿ ಬೊಂಬಾಯಿಯಲ್ಲಿ ಪ್ಲೇಗ್ ಕಾಣಿಸಿತು. 1897ರ ಜನವರಿಯಲ್ಲಿ ವಿಜ್ಞಾನಿ ಹಾಫ್ಕಿನ್ ಅಲ್ಲಿ ತಯಾರಿಸಿದ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡರು. ಫೆಬ್ರವರಿಯಲ್ಲಿ ಬ್ರಿಟಿಷ್ ಸರ್ಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ತಂದಿತು. (2020ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಕೋವಿಡ್ ನಿಯಮ ಹೊರಡಿಸಿದ್ದು ಇದೇ 1897ರ ಕಾಯ್ದೆಯಡಿ.) ಪುಣೆಯಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಹುಡುಕಿದ್ದರಿಂದ ಜನ ರೊಚ್ಚಿಗೆದ್ದರು. 1897ರ ಜೂನ್ 22ರ ರಾತ್ರಿ ಅಲ್ಲಿನ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಗುಂಡು ಹಾರಿತು. ಅದೇ ದಿನ ಬೆಂಗಳೂರಿನಲ್ಲಿ ಮಹಾರಾಣಿಯವರು ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಹಾಕಿದ್ದರು.

ಬೆಂಗಳೂರಿಗೆ ಪ್ಲೇಗ್ ಬಂದದ್ದು 1898ರ ಆಗಸ್ಟಿನಲ್ಲಿ, ಹುಬ್ಬಳ್ಳಿ ಕಡೆಯಿಂದ, ಅದೇ ರೈಲು ಹಳಿಯ ಮೇಲೆ.

ಈಗ ತಾರೀಖು ಲೆಕ್ಕ ಹಾಕಿ. ಬೊಂಬಾಯಿಯ ಸುದ್ದಿಯಿಂದ ಬೆಂಗಳೂರಿನ ರೋಗದವರೆಗೆ ದಿವಾನರಿಗೆ ಸಿಕ್ಕದ್ದು 23 ತಿಂಗಳು. 2020ರಲ್ಲಿ ಕೇರಳದ ಮೊದಲ ಪ್ರಕರಣದಿಂದ ಕರ್ನಾಟಕದ ಮೊದಲ ಪ್ರಕರಣದವರೆಗೆ ಸಿಕ್ಕದ್ದು ಆರು ವಾರವೂ ಇಲ್ಲ. ಸಮಯ ಇದ್ದರೆ ಸಾಕು ಎನ್ನುವುದಾದರೆ ಮೈಸೂರು ಸಂಸ್ಥಾನ ಗೆದ್ದಿರಬೇಕಿತ್ತು.

ಗೆಲ್ಲಲಿಲ್ಲ. ಬೆಂಗಳೂರು ನಗರ ಮತ್ತು ದಂಡು ಸೇರಿ 1891ರಲ್ಲಿ 1,80,366 ಜನರಿದ್ದರು. 1901ರ ಜನಗಣತಿಯಲ್ಲಿ ಸಿಕ್ಕವರು 1,59,046. ಹತ್ತು ವರ್ಷದಲ್ಲಿ ಬೆಳೆಯಬೇಕಾದ ಊರು 21 ಸಾವಿರ ಕಡಿಮೆಯಾಗಿತ್ತು. ಇವರೆಲ್ಲ ಸತ್ತವರಲ್ಲ, ಹೆದರಿ ಊರು ಬಿಟ್ಟವರೂ ಬಹಳ.

ಹಾಗಾದರೆ ರೈಲನ್ನೇ ನಿಲ್ಲಿಸಬಹುದಿತ್ತಲ್ಲ ಎಂದು ನಿಮಗೆ ಅನಿಸಬಹುದು. ನಮಗೆ ಹಾಗೆ ಅನಿಸುವುದಿಲ್ಲ. ಇಪ್ಪತ್ತು ವರ್ಷ ಹಿಂದೆ ಬರದಲ್ಲಿ ಜನ ಸತ್ತದ್ದಕ್ಕೆ ಒಂದು ಕಾರಣ, ಒಳನಾಡಿಗೆ ಧಾನ್ಯ ತರಲು ಹಳಿ ಇಲ್ಲದಿದ್ದದ್ದು. ಪ್ಲೇಗಿಗೆ ಬಾಗಿಲು ಹಾಕಿದರೆ ಅಕ್ಕಿ, ರಾಗಿಗೂ ಬಾಗಿಲು ಹಾಕಿದಂತೆ. ಮೇಲಾಗಿ ಬೆಂಗಳೂರಿನ ಅರ್ಧಕ್ಕಿಂತ ಹೆಚ್ಚು ಜನ ಇದ್ದ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಯಲ್ಲಿತ್ತು. ದಿವಾನರ ಆಜ್ಞೆ ಅದರ ಗಡಿಯಲ್ಲೇ ನಿಲ್ಲುತ್ತಿತ್ತು. ಇಲಿಗೆ ಮಾತ್ರ ಆ ಗಡಿ ಗೊತ್ತಿರಲಿಲ್ಲ.

ಇಲ್ಲಿಯೇ ವಿಷಯದ ತಿರುಳಿದೆ. ಆಗ ತಡೆದದ್ದೆಲ್ಲ ಮನುಷ್ಯರನ್ನು. ರೈಲ್ವೆ ನಿಲ್ದಾಣದಲ್ಲಿ ಪ್ರಯಾಣಿಕರ ಮೈ ಮುಟ್ಟಿ ಗೆಡ್ಡೆ ಇದೆಯೇ ಎಂದು ನೋಡುತ್ತಿದ್ದರು, ಅನುಮಾನ ಬಂದವರನ್ನು ಶಿಬಿರದಲ್ಲಿ ಇರಿಸುತ್ತಿದ್ದರು. ಆದರೆ ಗೆಡ್ಡೆ ಪ್ಲೇಗ್ ಹೆಚ್ಚಾಗಿ ಮನುಷ್ಯನಿಂದ ಮನುಷ್ಯನಿಗೆ ಹರಡುವುದಲ್ಲ. ಅದು ಇಲಿಯ ರೋಗ. ಇಲಿ ಸತ್ತಾಗ ಅದರ ಮೈಮೇಲಿನ ಚಿಗಟ ಮನುಷ್ಯನಿಗೆ ಹಾರಿ ಕಚ್ಚುತ್ತದೆ. ಪೌಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವೈದ್ಯ ಇದನ್ನು ಕರಾಚಿಯಲ್ಲಿ ಪ್ರಯೋಗ ಮಾಡಿ ಕಂಡದ್ದು ಅದೇ 1898ರಲ್ಲಿ. ಹೆಚ್ಚಿನವರು ಅದನ್ನು ನಂಬಲಿಲ್ಲ. ಹೀಗಾಗಿ ಧಾನ್ಯದ ಮೂಟೆ ಜೊತೆ ಬಂದ ಇಲಿ, ಚಿಗಟಗಳು ಯಾವ ತಪಾಸಣೆಯೂ ಇಲ್ಲದೆ ನಿಲ್ದಾಣ ದಾಟಿದವು. ಎಷ್ಟು ಬೇಗ ತಡೆದರೂ ತಡೆಯಬೇಕಾದ್ದನ್ನು ಬಿಟ್ಟು ಬೇರೆಯದನ್ನು ತಡೆದಂತಾಗಿತ್ತು.

ಒಂದು ಕ್ರಮ ಮಾತ್ರ ಗುರಿ ಮುಟ್ಟಿತು. ಅದು ಮನೆ ಖಾಲಿ ಮಾಡಿಸುವುದು. ಮನೆಯ ಗಾಳಿ, ನೆಲ ಕೆಟ್ಟಿದೆ ಎಂಬ ನಂಬಿಕೆಯಿಂದ ಮಾಡಿಸಿದ್ದರೂ ಇಲಿ, ಚಿಗಟಗಳಿಂದ ಜನ ದೂರವಾದರು. ನಮ್ಮ ಹಳ್ಳಿಗಳಲ್ಲಿ ಇಲಿ ಬಿದ್ದವು ಎಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವುದು ಮುಂದೆ ರೂಢಿಯೇ ಆಯಿತು. ಹಿರಿಯರ ಆ ಬುದ್ಧಿ ಮೂಢನಂಬಿಕೆಯಲ್ಲ, ಅದು ಸರಿಯಾದ ಕ್ರಮ. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಪ್ಲೇಗಿನಿಂದಲೇ ಹುಟ್ಟಿದವು ಎನ್ನುವುದು ಮಾತ್ರ ಅರ್ಧಸತ್ಯ. ಅವುಗಳ ಯೋಜನೆ ಮೊದಲೇ ಇತ್ತು, ಪ್ಲೇಗ್ ಜನರನ್ನು ಅಲ್ಲಿಗೆ ಓಡಿಸಿತು.

ದಿವಾನರು ಎಡವಿದ್ದು ಸಮಯದಲ್ಲಿ ಅಲ್ಲ, ಜನರ ವಿಶ್ವಾಸದಲ್ಲಿ ಎಂದು ನಮಗೆ ಕಾಣುತ್ತದೆ. ಪುಣೆಯಲ್ಲಿ ನಡೆದದ್ದು ಕಣ್ಣ ಮುಂದಿತ್ತು. ಆದರೂ ಶ್ರೀರಂಗಪಟ್ಟಣದ ಗಂಜಾಂನಲ್ಲಿ 1898ರಲ್ಲೇ ಪ್ಲೇಗ್ ನಿಯಮಗಳ ವಿರುದ್ಧ ದಂಗೆಯಾಯಿತು. ಶಿಬಿರದ ಹೆದರಿಕೆಗೆ ಜನ ರೋಗಿಗಳನ್ನು ಬಚ್ಚಿಟ್ಟರು. ಬಚ್ಚಿಟ್ಟ ರೋಗ ಲೆಕ್ಕಕ್ಕೆ ಸಿಗುವುದಿಲ್ಲ, ಲೆಕ್ಕ ಸಿಗದಿದ್ದರೆ ಯಾವಾಗ ಏನು ಮುಚ್ಚಬೇಕು ಎಂಬುದೂ ತಿಳಿಯುವುದಿಲ್ಲ. ಪ್ಲೇಗ್ ಕಮಿಷನರ್ ಆಗಿ ಆ ದಿನಗಳಲ್ಲಿ ದುಡಿದ ವಿ.ಪಿ. ಮಾಧವರಾವ್ ಮುಂದೆ ತಾವೇ ದಿವಾನರಾದರು. ಬೆಂಗಳೂರಿನಲ್ಲಿ ಪ್ಲೇಗಮ್ಮನ ಗುಡಿಗಳು ಎದ್ದವು, ಕೆಲವು ಈಗಲೂ ಇವೆ.

2020ರ ಶಿವಮೊಗ್ಗದ ಲೆಕ್ಕವನ್ನು ಇದರ ಪಕ್ಕ ಇಟ್ಟು ನೋಡಿ. ಕೊರೋನಾ ಮನುಷ್ಯನಿಂದ ಮನುಷ್ಯನಿಗೆ ಹರಡುವ ರೋಗ, ಆದ್ದರಿಂದ ಓಡಾಟ ತಡೆದದ್ದು ಸರಿಯಾದ ಬಾಗಿಲನ್ನೇ. ಹೊರಗಿನಿಂದ ಬಂದ ಆ 8 ಮಂದಿ ಪರೀಕ್ಷೆಯಲ್ಲಿ ಸಿಕ್ಕಿದ್ದರಿಂದ ರೋಗ ಎಲ್ಲಿಂದ ಬಂತೆಂಬುದೂ ತಿಳಿಯಿತು. ಆದರೆ ಪ್ರಕರಣವಿಲ್ಲದ ಊರಲ್ಲಿ ಪ್ರತಿ ಅಂಗಡಿಯನ್ನೂ ಅಷ್ಟು ದಿನ ಮುಚ್ಚಲೇಬೇಕಿತ್ತೇ, ಬರುವವರ ಪರೀಕ್ಷೆಯೊಂದೇ ಸಾಲುತ್ತಿತ್ತೇ ಎಂದು ಆಯನೂರಿನ ವ್ಯಾಪಾರಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬೇಗ, ತಡ ಎಂಬ ಎರಡು ಪದದ ಫಾರ್ವರ್ಡ್ ಅದಕ್ಕೆ ಉತ್ತರ ಕೊಡುವುದಿಲ್ಲ.

ಶೇಷಾದ್ರಿ ಅಯ್ಯರ್ ಅವರ ಆರೋಗ್ಯ ಆ ವರ್ಷಗಳಲ್ಲೇ ಕೆಟ್ಟಿತು. ಹುದ್ದೆಯಿಂದ ಇಳಿದ ಮೇಲೆ ಹೆಚ್ಚು ಕಾಲ ಬದುಕಲಿಲ್ಲ. 1901ರ ಸೆಪ್ಟೆಂಬರ್ 13ರಂದು ತೀರಿಕೊಂಡರು. ಅವರು ಶುರು ಮಾಡಿದ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಮರುವರ್ಷ. ಇಲಿ, ಚಿಗಟದ ವಿಷಯ ಖಚಿತವಾಗಲು ಇನ್ನೂ ಹಲವು ವರ್ಷ ಹಿಡಿಯಿತು. 1905ರಿಂದ ಬೊಂಬಾಯಿಯಲ್ಲಿ ವಿಜ್ಞಾನಿಗಳು ಪ್ಲೇಗ್ ಬಿದ್ದ ಮನೆಗಳಲ್ಲಿ ಗಿನಿಪಿಗ್‌ಗಳನ್ನು ಬಿಟ್ಟು ನೋಡಿದರು. ಚಿಗಟ ಕಚ್ಚಿದವು ಸತ್ತವು, ಚಿಗಟ ನುಗ್ಗಲಾಗದ ಸಣ್ಣ ಜಾಲರಿಯೊಳಗೆ ಇದ್ದವು ಉಳಿದವು.